ಬೇರಿಗೆ ಔಷಧಿ, ಅಟ್ಟಕ್ಕೆ ಬೀಗ

ತೆಂಗಿನ ಮರಕ್ಕೆ ಬೇರಿನ ಮೂಲಕ ಔಷಧಿ ಉಣಿಸುವುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಪ್ಪುತಲೆ ಹುಳುವಿನ ಕಾಟ ಮಿತಿಮೀರಿದಾಗ ಬುಡದ ಮಣ್ಣು ಬಿಡಿಸಿ, ಜೀವವಿರುವ ಎಳೆಯ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಕ್ಕೆ ಇಳಿಬಿಟ್ಟು ಕಟ್ಟುತ್ತಾರೆ. ಬೇರು ಕುಡಿದದ್ದು ಸುಳಿಯವರೆಗೂ ಏರುತ್ತದೆ. ಆಮೇಲೆ ಒಂದೂವರೆ ತಿಂಗಳು ಆ ಮರದ ಕಾಯಿ ಕೀಳಬಾರದೆಂದು ತೋಟಗಾರಿಕೆಯವರು ಎಚ್ಚರಿಸುವುದು ಅದಕ್ಕೇ. ಬೇರಿಗೆ ಕೊಟ್ಟದ್ದು ಎಳನೀರಿಗೂ ಬಂದೀತು.

ಈ ಬೇರಿನ ಸಂಗತಿ ನನಗೆ ನೆನಪಾದದ್ದು ತೋಟದಲ್ಲಲ್ಲ, ತಿಪಟೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿ ನನ್ನ ಸೋದರತ್ತೆಯ ಮಗನದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅವನ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹೊರುವ ಶಕ್ತಿಯಿಲ್ಲ. ಹೊಸದಕ್ಕೆ ದುಡ್ಡು ಹಾಕಲು ಮನಸ್ಸಾಗದೆ ಲಿನಕ್ಸ್ ಹಾಕಿಸಿಕೊಂಡ. ಹಾಕಿಸಿಕೊಂಡ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ: “ಭಾವ, ಇದಕ್ಕೂ ವರ್ಷವರ್ಷ ಆ್ಯಂಟಿವೈರಸ್ ತಗೋಬೇಕಾ? ಇದಕ್ಕೆ ವೈರಸ್ಸೇ ಬರಲ್ಲ ಅಂತಾರಲ್ಲ?”

ಅಂಗಡಿಯವನು ಈ ಪ್ರಶ್ನೆ ಕೇಳುವುದರಲ್ಲಿ ಅರ್ಥವಿದೆ. ವೈರಸ್ ತಾನಾಗಿ ಹುಟ್ಟುವ ರೋಗವಲ್ಲ, ಯಾರೋ ಕುಳಿತು ಬರೆದ ಆದೇಶಗಳ ಸರಮಾಲೆ. ಪಿಸಿಗಳಲ್ಲಿ ಹಬ್ಬಿದ ಮೊದಲ ವೈರಸ್ ‘ಬ್ರೇನ್’ ಎಂಬುದನ್ನು 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಲೋಕ ಸುತ್ತಿತು. ನಮ್ಮ ಊರುಗಳಲ್ಲಿ ಮುಂದೆ ಆ ಕೆಲಸವನ್ನು ಪೆನ್‌ಡ್ರೈವ್ ಮಾಡಿತು. ಪಹಣಿಯ ಅರ್ಜಿ, ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟು ಎಲ್ಲವೂ ಒಂದೇ ಯಂತ್ರಕ್ಕೆ ಬಂದು ಚುಚ್ಚಿಕೊಳ್ಳುವ ಜಾಗ ಜೆರಾಕ್ಸ್ ಅಂಗಡಿ. ನಾವೆಲ್ಲ ವಿಂಡೋಸ್‌ಗೇ ಅಂಟಿಕೊಂಡದ್ದಕ್ಕೆ ಕನ್ನಡವೂ ಒಂದು ಕಾರಣವೆನ್ನಬೇಕು. ‘ಬರಹ’, ‘ನುಡಿ’ ತಂತ್ರಾಂಶಗಳು ವಿಂಡೋಸ್‌ಗೆಂದೇ ಹುಟ್ಟಿದವು. ಕನ್ನಡದಲ್ಲಿ ಪತ್ರ ಮಾಡಬೇಕಾದ ಕಚೇರಿ, ಅಂಗಡಿಗಳಿಗೆ ಬೇರೆ ದಾರಿ ಕಾಣಲಿಲ್ಲ. ಒಂದೇ ಬೆಳೆಯ ತೋಟದಲ್ಲಿ ಹುಳು ಹಬ್ಬುವ ಬಗೆ ಇದು. ಒಂದು ಮರಕ್ಕೆ ಒಗ್ಗಿದ ಹುಳುವಿಗೆ ಪಕ್ಕದ ಮರ ಪರಕೀಯವಲ್ಲ.

ಈಗ ಆ ಅಡಚಣೆ ಇಲ್ಲ. ಯುನಿಕೋಡ್ ಬಂದ ಮೇಲೆ ಲಿನಕ್ಸ್‌ನಲ್ಲೂ ನುಡಿಯ ಕೀಲಿಮಣೆ ವಿನ್ಯಾಸದಲ್ಲೇ ಕನ್ನಡ ಬೆರಳಚ್ಚಿಸಬಹುದು. ಅಕ್ಷರವಿನ್ಯಾಸಗಳಲ್ಲಿ ಒಂದರ ಹೆಸರು ‘ಗುಬ್ಬಿ’. ಪಕ್ಕದ ತಾಲ್ಲೂಕಿಗೆ ಸಂದ ಗೌರವವೆಂದು ನಮ್ಮವರು ಹಿಗ್ಗುವ ಹಾಗಿಲ್ಲ, ಅದರ ಜೊತೆಗಾರನ ಹೆಸರು ‘ನವಿಲು’. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಂತೂ ಕೇರಳದ ಶಾಲಾ ಯೋಜನೆಯ ಕೃಪೆಯಿಂದ ಬಹುಕಾಲದಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕೈಯಲ್ಲಿ. ಅದು ಅನುಸರಿಸಿದ ಯುನಿಕ್ಸ್ ಪದ್ಧತಿ, ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲದ್ದು. ಒಬ್ಬರ ಕೈ ಇನ್ನೊಬ್ಬರ ಗಂಟಿಗೆ ಹೋಗದಂತೆ ಅಲ್ಲಿ ಪ್ರತಿಯೊಬ್ಬರಿಗೂ ಗಡಿ ಹಾಕಿದೆ. ಎಲ್ಲದರ ಮೇಲೂ ಅಧಿಕಾರವುಳ್ಳ ಖಾತೆ ಒಂದೇ. ಅದರ ಹೆಸರು ‘ರೂಟ್’, ಅಂದರೆ ಬೇರು! ಬೇರಿಗೆ ಏನು ಕೊಟ್ಟರೂ ಸುಳಿಯವರೆಗೆ ಏರುತ್ತದೆ. ಆದ್ದರಿಂದಲೇ ಬೇರು ಮುಟ್ಟುವ ಮೊದಲು ಲಿನಕ್ಸ್ ಗುಪ್ತಪದ ಕೇಳುತ್ತದೆ. (ಈ ಬಗೆಯ ಕಾವಲು 2007ರ ವಿಸ್ಟಾದಿಂದೀಚೆಗೆ ವಿಂಡೋಸ್‌ನಲ್ಲೂ ಇದೆ, ಕೇಳಿದಾಗಲೆಲ್ಲ ‘ಎಸ್’ ಒತ್ತುವ ನಮ್ಮ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ.) ಇನ್ನೊಂದು ಅನುಕೂಲವೂ ಉಂಟು. ಲಿನಕ್ಸ್ ಬಳಸುವವರು ತಂತ್ರಾಂಶವನ್ನು ಕಂಡಕಂಡಲ್ಲಿ ಹೆಕ್ಕುವುದಿಲ್ಲ. ತಮ್ಮ ಲಿನಕ್ಸ್ ಹಂಚುವವರೇ ಪರೀಕ್ಷಿಸಿ, ಮೊಹರು ಹಾಕಿಟ್ಟ ಉಗ್ರಾಣದಿಂದ ತರಿಸಿಕೊಳ್ಳುತ್ತಾರೆ. ತಾಯಿಮರ ನೋಡಿ ಬಿತ್ತನೆಕಾಯಿ ಆರಿಸಿದ ಹಾಗೆ.

ಹಾಗೆಂದು ಲಿನಕ್ಸ್‌ಗೆ ವೈರಸ್ಸೇ ಇಲ್ಲವೆನ್ನುವುದು ಸುಳ್ಳು. 1996ರಲ್ಲಿ ‘ಸ್ಟಾವೋಗ್’, 1997ರಲ್ಲಿ ‘ಬ್ಲಿಸ್’ ಕಾಣಿಸಿಕೊಂಡವು. ಬ್ಲಿಸ್ ಬಹಳ ಸಭ್ಯ ವೈರಸ್. ಇಂಥ ಆದೇಶ ಕೊಟ್ಟು ‘ದಯವಿಟ್ಟು’ ಎಂದರೆ ತಾನೇ ಬಿಟ್ಟುಹೋಗುತ್ತಿತ್ತು. ಮುಂದೆ ಬಂದವರಿಗೆ ಆ ಸಭ್ಯತೆ ಇರಲಿಲ್ಲ. 2017ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ನಯನಾ ಎಂಬ ಕಂಪನಿಯ 153 ಲಿನಕ್ಸ್ ಸರ್ವರುಗಳ ಕಡತಗಳನ್ನು ಸುಲಿಗೆಕೋರರು ಬೀಗ ಹಾಕಿ ಬಿಗಿದರು. ಬಿಡಿಸಿಕೊಳ್ಳಲು ಕಂಪನಿ ಸುಮಾರು ಹತ್ತು ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಅಲ್ಲಿ ಓಡುತ್ತಿದ್ದ ಲಿನಕ್ಸ್ ತಿರುಳು 2008ರಷ್ಟು ಹಳೆಯದು. ಒಂಬತ್ತು ವರ್ಷ ರಿಪೇರಿ ಕಾಣದ ಬೇಲಿ.

ಅದಕ್ಕಿಂತ ದಿಗಿಲು ಹುಟ್ಟಿಸುವುದು 2024ರ ಕಥೆ. ‘ಎಕ್ಸ್‌ಜೆಡ್’ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ, ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುವಂಥದು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಮಿಕ್ಕಿ ಅದಕ್ಕೆ ಶ್ರದ್ಧೆಯಿಂದ ದುಡಿದು, ಉಸ್ತುವಾರಿಯಲ್ಲಿ ಪಾಲು ಪಡೆದು, ಕೊನೆಗೆ ಗುಟ್ಟಾಗಿ ಒಂದು ಹಿಂಬಾಗಿಲು ಕೊರೆದರು. ಅದನ್ನು ಯಾವ ಆ್ಯಂಟಿವೈರಸ್ಸೂ ಕಂಡುಹಿಡಿಯಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ, ಮಾರ್ಚ್ 29ರಂದು ಗುಟ್ಟನ್ನು ಬಯಲು ಮಾಡಿದರು. ಬಹುಪಾಲು ಯಂತ್ರಗಳಿಗೆ ಅದು ತಲುಪುವ ಮೊದಲೇ ತಡೆದದ್ದಾಯಿತು. ಕೆಟ್ಟದ್ದು ಈ ಸಲ ತಾಯಿಮರವೇ ಆಗಿತ್ತು.

ಹಾಗಾದರೆ ಆ್ಯಂಟಿವೈರಸ್ ಏನು ಮಾಡುತ್ತದೆ? ಗೊತ್ತಿರುವ ಕಳ್ಳರ ಚಹರೆಪಟ್ಟಿ ಇಟ್ಟುಕೊಂಡು ಬಂದವರ ಮುಖ ಹೋಲಿಸಿ ನೋಡುವುದು ಅದರ ಮುಖ್ಯ ಕೆಲಸ. ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ‘ಕ್ಲಾಮ್‌ಎವಿ’ಯ ಪಟ್ಟಿಯಲ್ಲಿರುವವರು ಹೆಚ್ಚಾಗಿ ವಿಂಡೋಸ್ ಕಳ್ಳರೇ. ಮನೆಯಲ್ಲಿ ಒಬ್ಬರೇ ಲಿನಕ್ಸ್ ಬಳಸುವವರಿಗೆ ಅದರಿಂದ ದೊಡ್ಡ ಲಾಭವಿಲ್ಲ. ನನ್ನ ಭಾಮೈದನ ಅಂಗಡಿಯ ಲೆಕ್ಕ ಬೇರೆ. ಅವನ ಯಂತ್ರಕ್ಕೆ ಏನೂ ಆಗದೆ ಇರಬಹುದು, ಆದರೆ ಒಬ್ಬರ ಪೆನ್‌ಡ್ರೈವಿನ ಹುಳು ಅವನ ಮೂಲಕ ಇನ್ನೊಬ್ಬರ ವಿಂಡೋಸ್‌ಗೆ ದಾಟಬಹುದು. ತಾನು ಒಣಗದೆ ಹುಳು ಸಾಕುವ ಮರವಾಗಬಾರದೆಂದರೆ ಬಂದ ಪೆನ್‌ಡ್ರೈವನ್ನು ಕ್ಲಾಮ್‌ಎವಿಯಲ್ಲಿ ಒಮ್ಮೆ ಜಾಲಾಡಿಸುವುದು ಮೇಲು. ವರ್ಷವರ್ಷ ದುಡ್ಡು ಕೊಟ್ಟು ಕೊಳ್ಳಬೇಕಾದ್ದೇನೂ ಇಲ್ಲ. ಯಂತ್ರ ತಾನಾಗಿ ತೋರಿಸುವ ಅಪ್‌ಡೇಟ್‌ಗಳನ್ನು ಮುಂದೂಡದಿದ್ದರೆ ಅರ್ಧ ಕೆಲಸ ಮುಗಿಯಿತು.

ಇಷ್ಟನ್ನು ಹೇಳಿ ಎದ್ದುಬಿಡುತ್ತಿದ್ದೆ. ಅಷ್ಟರಲ್ಲಿ ವಯಸ್ಸಾದ ಬೆಳೆಗಾರರೊಬ್ಬರು ಬಂದು ಮೊಬೈಲ್ ಮುಂದೆ ಹಿಡಿದರು.

“ಯಾರೋ ಲಗ್ನಪತ್ರಿಕೆ ಕಳಿಸವ್ರೆ, ತೆಗೆಯಕ್ಕಾಗ್ತಿಲ್ಲ. ಒಸಿ ನೋಡಪ್ಪ.”

“ಯಾರ ಮದುವೆ ಯಜಮಾನ್ರೆ?”

“ಅದು ಗೊತ್ತಾಗ್ಲಿ ಅಂತ್ಲೇ ಅಲ್ವೇನಪ್ಪ ತೆಗಿ ಅಂದಿದ್ದು!”

ಕಡತದ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿತ್ತು. ಅದು ಚಿತ್ರವೂ ಅಲ್ಲ, ಪತ್ರಿಕೆಯೂ ಅಲ್ಲ, ಮೊಬೈಲಿಗೆ ಇಳಿಯಲು ಕಾದಿರುವ ತಂತ್ರಾಂಶ. ಲಗ್ನಪತ್ರಿಕೆಯ ಹೆಸರಿನಲ್ಲಿ, ವಾಹನದ ದಂಡದ ಚಲನ್ ಹೆಸರಿನಲ್ಲಿ, ಬ್ಯಾಂಕಿನ ಕೆವೈಸಿ ಹೆಸರಿನಲ್ಲಿ ಇಂಥವು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿವೆ.

ಅಂಗಡಿಯಲ್ಲಿ ಲಿನಕ್ಸ್ ಬಂದದ್ದು ಮೊನ್ನೆ. ಆ ಯಜಮಾನರ ಜೇಬಿಗೆ ಬಂದು ವರ್ಷಗಳೇ ಆಗಿವೆ. 2008ರಲ್ಲಿ ಮಾರುಕಟ್ಟೆಗೆ ಬಂದ ಆ್ಯಂಡ್ರಾಯ್ಡ್‌ನ ತಿರುಳು ಲಿನಕ್ಸೇ. ಅದರಲ್ಲಿ ಬೇರಿನ ಖಾತೆ ನಮ್ಮ ಕೈಗೇ ಸಿಗುವುದಿಲ್ಲ. ಒಂದೊಂದು ಆ್ಯಪನ್ನೂ ಒಬ್ಬೊಬ್ಬ ಬೇರೆ ಬಳಕೆದಾರನೆಂಬಂತೆ ಗೋಡೆ ಕಟ್ಟಿ ಕೂರಿಸಿದೆ. ಇಷ್ಟೆಲ್ಲ ಇದ್ದೂ ಹಣ ಹೋಗುವುದು ಹೇಗೆ? ಕಳ್ಳನಿಗೆ ಬೇರು ಬೇಕಾಗಿಯೇ ಇಲ್ಲ. ನಮ್ಮ ಕಡೆ ಕಾಯಿಯನ್ನು ಅಟ್ಟದಲ್ಲಿ ತುಂಬಿ, ಅಲ್ಲಾಡಿಸಿದರೆ ಒಳಗಿನ ಉಂಡೆ ಸದ್ದು ಮಾಡುವ ತನಕ ಹೆಚ್ಚುಕಡಿಮೆ ವರ್ಷ ಕಾಯುತ್ತೇವೆ. ವರ್ಷದ ದುಡಿಮೆಯೆಲ್ಲ ಇರುವುದು ಅಟ್ಟದಲ್ಲಿ. ಮರದ ಬೇರು ಭದ್ರವಾಗಿದ್ದು ಅಟ್ಟದ ಬೀಗದ ಕೈಯನ್ನು ನಾವೇ ಕೊಟ್ಟರೆ ಮರ ಏನು ಮಾಡೀತು? ಆ ನಕಲಿ ಲಗ್ನಪತ್ರಿಕೆ ಇಳಿದ ಕೂಡಲೇ ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ಕೊಟ್ಟೆವೋ, ಬ್ಯಾಂಕು ಕಳಿಸುವ ಒಟಿಪಿ ಅಲ್ಲಿಗೆ ಹೋಯಿತು. ಕಂಪ್ಯೂಟರಿನ ಲಿನಕ್ಸ್‌ನಲ್ಲೂ ಹೀಗೆಯೇ. ರೂಟ್ ಮುಟ್ಟದೆಯೂ ನಮ್ಮ ಖಾತೆಯಲ್ಲಿರುವ ಫೋಟೊ, ಪತ್ರ, ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನು ನಾವೇ ಓಡಿಸಿದ ಒಂದು ಕೆಟ್ಟ ತಂತ್ರಾಂಶ ದೋಚಬಲ್ಲದು.

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಈಗ ಇ-ಟೆಂಡರಿನಲ್ಲಿ ಬಿಕರಿಯಾಗುತ್ತದೆ. ಬೆಂಬಲ ಬೆಲೆಯ ಹಣವಂತೂ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಂದರೆ ಕೊಬ್ಬರಿ ಅಟ್ಟದಿಂದ ಇಳಿದ ಮೇಲೆ ಅಟ್ಟದ ಬೀಗದ ಕೈ ಮೊಬೈಲಿಗೆ ಬಂದಿದೆ. ಎಪಿಕೆ ಕಡತ ಯಾರೇ ಕಳಿಸಲಿ, ನೆಂಟರೇ ಕಳಿಸಲಿ, ತೆರೆಯಬೇಡಿ. ಎಷ್ಟೋ ಸಲ ಅದು ನೆಂಟರ ಮೊಬೈಲನ್ನು ಹಿಡಿದವರು ಕಳಿಸಿದ್ದು. ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಿ. ಅಲ್ಲಿನ ‘ಪ್ಲೇ ಪ್ರೊಟೆಕ್ಟ್’ ಕಾವಲನ್ನು ಆರಿಸು ಎಂದು ಯಾರಾದರೂ ಹೇಳಿದರೆ ಅದೇ ಮೊದಲ ಸುಳಿವು. ಹಣ ಹೋದದ್ದು ಗೊತ್ತಾದ ಗಳಿಗೆಯಲ್ಲೇ ಇನ್ನೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ. ಖಾತೆಯಿಂದ ಖಾತೆಗೆ ದಾಟುವ ಮೊದಲು ಹಣವನ್ನು ತಡೆಹಿಡಿಸಲು ಸಾಧ್ಯವಾಗುವುದು ಆ ಮೊದಲ ಕೆಲವು ಗಂಟೆಗಳಲ್ಲಿ.

ಯಜಮಾನರ ಮೊಬೈಲಿನಿಂದ ಆ ಕಡತವನ್ನು ಭಾಮೈದ ಅಳಿಸಿಹಾಕಿದ. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. “ನಿಜವಾಗ್ಲೂ ಯಾರದಾದ್ರೂ ಮದುವೆ ಆಗಿದ್ರೆ?” ಎಂದು ಕೇಳಿಕೊಂಡೇ ಮೆಟ್ಟಿಲಿಳಿದರು.