ಕೂಸನ್ನು ಹೇಗೆ ಮಲಗಿಸಬೇಕು?

ನವಲಗುಂದದ ಸೀಮೆಯಲ್ಲಿ ಬಾಣಂತಿಯ ಕೋಣೆಯೆಂದರೆ ಮನೆಯವರ ಅಕ್ಕರೆಯೆಲ್ಲ ಕೂಡಿದ ತಾಣ. ಕಲಘಟಗಿಯ ಬಣ್ಣದ ತೊಟ್ಟಿಲು, ಅಜ್ಜಿ ಹಳೆಯ ಸೀರೆಗಳಿಂದ ಹೊಲಿದ ಕೌದಿ, ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು, ಚಳಿಗೆಂದು ಕುಂಚಿಗೆ—ಯಾವುದಕ್ಕೂ ಕೊರತೆಯಿಲ್ಲ. ಆದರೆ ಕೂಸು ನಿದ್ರಿಸುವಾಗ ಇವುಗಳಲ್ಲಿ ತೊಟ್ಟಿಲೊಂದೇ ಸಾಕೆಂಬುದು ಇಂದಿನ ವೈದ್ಯರ ಮತ.

ವರ್ಷ ತುಂಬುವವರೆಗೆ, ಹಗಲಾಗಲಿ ಇರುಳಾಗಲಿ, ಕೂಸನ್ನು ಅಂಗಾತವಾಗಿಯೇ ಮಲಗಿಸತಕ್ಕದ್ದು. ಬೋರಲಾಗಿ ಮಲಗಿದ ಎಳೆಗೂಸಿನ ಮೂಗು ಹಾಸಿಗೆಗೆ ಒತ್ತಿದರೆ, ಅದು ತಾನು ಬಿಟ್ಟ ಉಸಿರನ್ನೇ ಮರಳಿ ಸೇದುವಂತಾಗುತ್ತದೆ. ತಲೆಯೆತ್ತಿ ಹೊರಳಿಸುವ ಕಸುವು ಅದಕ್ಕಿನ್ನೂ ಬಂದಿರುವುದಿಲ್ಲ. ಒಂದು ಮಗ್ಗುಲಾಗಿ ಮಲಗಿಸಿದರೂ ಉರುಳಿ ಬೋರಲಾಗುವ ಭಯ ತಪ್ಪದು.

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ನೆತ್ತಿಗೇರೀತು" ಎಂದು ಹಿರಿಯರು ಅಂಜುವುದುಂಟು. ಆದರೆ ಆ ಭಂಗಿಯಲ್ಲಿ ಶ್ವಾಸನಾಳವು ಅನ್ನನಾಳಕ್ಕಿಂತ ಮೇಲಿರುತ್ತದೆ. ಕಕ್ಕಿದ ಹಾಲು ಮೇಲೇರಿ ಅದರೊಳಗೆ ಇಳಿಯುವುದು ಸುಲಭವಲ್ಲ.

ಈ ಸತ್ಯ ವೈದ್ಯಲೋಕಕ್ಕೂ ತಡವಾಗಿಯೇ ತಿಳಿಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಹೆಸರಾಂತ ಶಿಶುಪಾಲನ ಗ್ರಂಥವು ಬೋರಲು ಮಲಗಿಸುವುದೇ ಲೇಸೆಂದಿತ್ತು. ಆರೋಗ್ಯವಂತ ಶಿಶುಗಳು ಕಾರಣ ತಿಳಿಯದೆ ನಿದ್ರೆಯಲ್ಲೇ ಅಸುನೀಗುವುದನ್ನು ಪರಿಶೀಲಿಸಿದ ತರುವಾಯ, ಬ್ರಿಟನ್ 1991ರಲ್ಲಿಯೂ ಅಮೆರಿಕ 1994ರಲ್ಲಿಯೂ ಅಂಗಾತ ಮಲಗಿಸಿರೆಂದು ಮನೆಮನೆಗೆ ಸಾರಿದವು. ಅಮೆರಿಕದಲ್ಲಿ ಇಂತಹ ಸಾವುಗಳ ಪ್ರಮಾಣ ಸುಮಾರು ಒಂದು ದಶಕದಲ್ಲಿ ಅರ್ಧದಷ್ಟು ಇಳಿಯಿತು. ಇದಕ್ಕೆ ಔಷಧ ಬೇಕಾಗಲಿಲ್ಲ, ಹಣವೂ ಬೇಕಾಗಲಿಲ್ಲ.

ತೊಟ್ಟಿಲಿನ ತಳ ಮಟ್ಟಸವಾಗಿರಲಿ, ಹಾಸಿಗೆ ಗಟ್ಟಿಯಾಗಿರಲಿ. ಕೂಸು ನಿದ್ರಿಸುವಾಗ ಕೌದಿ, ದಿಂಬು, ಬೊಂಬೆಗಳನ್ನು ತೆಗೆದಿಡಿರಿ. ಚಳಿಯೆನಿಸಿದರೆ ಇನ್ನೊಂದು ಅಂಗಿ ತೊಡಿಸಿದರಾಯಿತು. ಮೈ ಅತಿಯಾಗಿ ಕಾಯುವುದೂ ಅಪಾಯವೇ. ಆದುದರಿಂದ ಕುಂಚಿಗೆ ಹೊರಗೆ ಹೊರಟಾಗಲಷ್ಟೇ ಇರಲಿ. ಸೀರೆಯ ಜೋಲಿಯಲ್ಲಿ ಮೈ ಬಾಗಿ, ಗದ್ದ ಎದೆಗೊತ್ತಿ ಉಸಿರು ಕಟ್ಟಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದೂ, ಕೂಸಿನ ಬಳಿ ಬೀಡಿ ಸೇದುವುದೂ ಸಲ್ಲದು. ಕೂಸಿನ ಹಾಸಿಗೆ ತಾಯಿಯ ಕೈಗೆಟಕುವಷ್ಟು ಸಮೀಪದಲ್ಲಿ, ಆದರೆ ಬೇರೆಯಾಗಿ ಇರಲಿ.

ತಲೆ ಚಪ್ಪಟೆಯಾದೀತೆಂಬ ಚಿಂತೆಗೂ ಉಪಾಯವುಂಟು. ಕೂಸು ಎಚ್ಚರವಿದ್ದಾಗ ನಮ್ಮೂರ ಜಮಖಾನೆಯನ್ನೇ ಹಾಸಿ, ಎದುರಿಗೆ ಕುಳಿತು, ದಿನಕ್ಕೆ ಹಲವು ಸಲ ಕೊಂಚ ಹೊತ್ತು ಬೋರಲು ಹಾಕಿ ಆಡಿಸಿರಿ, ಕತ್ತೂ ಗಟ್ಟಿಯಾಗುತ್ತದೆ. ಮುಂದೆ ಎರಡೂ ಕಡೆಗೆ ತಾನೇ ಹೊರಳಬಲ್ಲ ಕೂಸು ನಿದ್ರೆಯಲ್ಲಿ ಬೋರಲಾದರೆ ಮತ್ತೆ ಮತ್ತೆ ತಿರುವಬೇಕಾಗಿಲ್ಲ.

ಅಜ್ಜಿಯ ಕೌದಿ ಎಲ್ಲಿಗೂ ಹೋಗದು. ವರ್ಷ ಕಳೆದ ಮೇಲೆ ಮೊಮ್ಮಗು ಅದನ್ನು ಸುಖವಾಗಿ ಹೊದೆಯಲಿ.