ಜಿಲ್ಲೆಯ ಯೋಜನೆ ಜಿಲ್ಲೆಯವರದಾಗಲಿ

ಕೆರೆಯ ಯಾವ ತೂಬು ಸೋರುತ್ತಿದೆ, ಯಾವ ಕೇರಿಯ ಬಾವಿ ಮಾಘಮಾಸಕ್ಕೇ ಬತ್ತುತ್ತದೆ, ಹಳ್ಳಕ್ಕೆ ಕಾಲುಸಂಕವಿಲ್ಲದುದರಿಂದ ಮಳೆಗಾಲದಲ್ಲಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳು ಯಾವ ಮನೆಯವರು ಎಂಬುದನ್ನು ಊರಿನವರು ಅರಿತಿರುವಷ್ಟು ನಿಖರವಾಗಿ ರಾಜಧಾನಿಯ ಯಾವ ಕಚೇರಿಯೂ ಅರಿಯಲಾರದು. ಆದರೂ ಸ್ವಾತಂತ್ರ್ಯಾನಂತರ ದಶಕಗಳ ಕಾಲ ನಮ್ಮ ಯೋಜನೆಗಳು ಮೇಲಿನಿಂದ ಇಳಿದುಬಂದವೇ ಹೊರತು ಗ್ರಾಮದಿಂದ ಏರಿ ಬಂದವುಗಳಲ್ಲ.

ಈ ರೂಢಿಯನ್ನು ಮುರಿಯಲು ನಮ್ಮ ನಾಡು ಕೈಗೊಂಡ ಪ್ರಯತ್ನ ಸಾಮಾನ್ಯವಾದುದಲ್ಲ. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಪಂಚಾಯತ್ ರಾಜ್ ಖಾತೆಯನ್ನು ವಹಿಸಿದ್ದ, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ ಜನರಿಂದ ‘ನೀರ್ ಸಾಬ್’ ಎನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬರು 1983ರ ಕಾಯಿದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ರೂಪ ಕೊಟ್ಟರು. 1987ರಲ್ಲಿ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದುವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಅಂತಸ್ತು ಲಭಿಸಿತು. ಅವರ ಅಧೀನದಲ್ಲಿ ಕಾರ್ಯನಿರ್ವಹಿಸುವ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯನ್ನೇ ನೇಮಿಸಲಾಯಿತು. ಬ್ರಿಟಿಷರ ಕಾಲದಿಂದ ಕಲೆಕ್ಟರರೇ ಜಿಲ್ಲೆಯ ದೊರೆಯೆಂದು ಕಂಡುಕೊಂಡು ಬಂದ ಜನಕ್ಕೆ ಇದೊಂದು ಮಹಾಪರಿವರ್ತನೆಯೇ ಸರಿ. ದುರ್ದೈವವಶಾತ್ ಮೊದಲ ಅವಧಿ ಮುಗಿಯುತ್ತಲೇ ಮರುಚುನಾವಣೆ ನಡೆಯದೆ ಎಲ್ಲವೂ ಆಡಳಿತಾಧಿಕಾರಿಗಳ ವಶವಾಯಿತು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ 29 ವಿಷಯಗಳ ಪಟ್ಟಿಯನ್ನು ಪಂಚಾಯಿತಿಗಳ ಮುಂದಿರಿಸಿತು. ಆದರೆ ಪಟ್ಟಿ ಕೊಟ್ಟ ಮಾತ್ರಕ್ಕೆ ಹಣ ಬಂದಂತಾಗಲಿಲ್ಲ. ಹಣವನ್ನೂ ಜೊತೆಗಿತ್ತರೆ ಏನಾಗಬಲ್ಲುದೆಂಬುದನ್ನು ನೆರೆಯ ಕೇರಳ ತೋರಿಸಿತು: 1996ರಲ್ಲಿ ಆರಂಭವಾದ ಜನಕೀಯ ಯೋಜನಾ ಆಂದೋಲನದಲ್ಲಿ ರಾಜ್ಯದ ಯೋಜನಾ ವೆಚ್ಚದ ನೂರಕ್ಕೆ 35ರಿಂದ 40ರಷ್ಟು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಮೀಸಲಿಡಲಾಯಿತು, ಗ್ರಾಮಸಭೆಯಲ್ಲಿ ಬೇಡಿಕೆಗಳನ್ನು ಕೇಳಿ, ತಮ್ಮ ಮಣ್ಣು, ನೀರು, ಶಾಲೆ, ಉದ್ಯೋಗಗಳ ಸ್ಥಿತಿಗತಿಯನ್ನು ತಾವೇ ಅಭಿವೃದ್ಧಿ ವರದಿಯಾಗಿ ಬರೆದು, ವಿಚಾರಗೋಷ್ಠಿಯಲ್ಲಿ ಚರ್ಚಿಸಿ, ಅನಂತರವೇ ಪಂಚಾಯಿತಿಗಳು ಕಾಮಗಾರಿಗಳನ್ನು ಗೊತ್ತುಪಡಿಸಿದುವು. ನಿವೃತ್ತ ಇಂಜಿನಿಯರರು ಸ್ವಯಂಸೇವಕರಾಗಿ ಆ ಯೋಜನೆಗಳನ್ನು ತಿದ್ದಿಕೊಟ್ಟರು. ತಜ್ಞತೆ ಹಳ್ಳಿಗರಿಗಿಲ್ಲವೆಂಬ ಆಕ್ಷೇಪಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ನನಗೆ ತೋರದು.

ನಮ್ಮಲ್ಲಿ ಗ್ರಾಮಸಭೆಯೆದ್ದು ಕಾಲುಸಂಕ ಬೇಕೆಂದರೆ, ಕ್ರಿಯಾಯೋಜನೆ ಬರೆಯುವವರು ಮೊದಲು ನೋಡಬೇಕಾದುದು ಅನುದಾನದ ಶೀರ್ಷಿಕೆಯನ್ನು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಉದ್ದೇಶ ಒಳ್ಳೆಯದೇ, ಆದರೆ ನೀರಿನ ವ್ಯವಸ್ಥೆ ಸರಿಯಿದ್ದು ಸಂಕವಿಲ್ಲದ ಊರು, ತನ್ನ ಅಗತ್ಯದ ಕ್ರಮವನ್ನು ತಾನೇ ನಿರ್ಣಯಿಸುವ ಅಧಿಕಾರದಿಂದ ಆ ಮಟ್ಟಿಗೆ ವಂಚಿತವಾಯಿತು.

ಇದಕ್ಕಿಂತ ಮಿಗಿಲಾದ ಕೊರತೆ ಇನ್ನೊಂದಿದೆ. 2016ರಲ್ಲಿ ಆಯ್ಕೆಯಾದ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಮತ್ತೆ ಆಡಳಿತಾಧಿಕಾರಿಗಳೇ ಕುಳಿತರು. ಗ್ರಾಮ, ನಗರಗಳ ಯೋಜನೆಗಳನ್ನು ಒಂದುಗೂಡಿಸಬೇಕಾದ ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದನೆಯ ನಾಲ್ಕು ಭಾಗಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ಜಿಲ್ಲಾ ಪಂಚಾಯಿತಿ ಹಾಗೂ ಪೌರಸಂಸ್ಥೆಗಳ ಚುನಾಯಿತರಿಂದಲೇ ಆಯ್ಕೆಯಾಗಬೇಕೆಂದು ಸಂವಿಧಾನ ವಿಧಿಸಿದೆ. ಚುನಾಯಿತರೇ ಇಲ್ಲದೆ ಆ ಸಮಿತಿ ರಚನೆಯಾಗುವುದೆಂತು? ಓದುಗರು ತಮ್ಮ ಶಾಸಕರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು.