ದೋಟಿ ಎತ್ತುವ ಮುನ್ನ ಹೆಗಲಿಗೆ ಐದು ನಿಮಿಷ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕಾಯಿ ಕೀಳುವ ದಿನ ಬೆಳಗಿನ ಚಳಿಯಲ್ಲೇ ದೋಟಿ ಎತ್ತುತ್ತೇವೆ. ಕೊಟ್ಟಿಗೆಯಿಂದ ಆಗತಾನೇ ಎಬ್ಬಿಸಿದ ಎತ್ತಿಗೂ ಕೂಡಲೇ ಭಾರ ಹೇರುವುದಿಲ್ಲ. ನಮ್ಮ ಹೆಗಲಿಗೆ ಆ ಮರ್ಯಾದೆಯೂ ಇಲ್ಲ.

ಕೈ ಮೇಲೆತ್ತುವುದು ಹೆಗಲ ಕೀಲೊಂದರ ಕೆಲಸವೆಂದೇ ನಾನು ತಿಳಿದಿದ್ದೆ. ಎರಡು ವರ್ಷದ ಹಿಂದೆ ಬಲಗೈ ಎತ್ತಲಾಗದೆ, ಒಂದು ತಿಂಗಳು ಅಂಗಿ ತೊಡಲೂ ಮನೆಯವರ ನೆರವು ಬೇಕಾದಾಗ ವೈದ್ಯರು ವಿವರಿಸಿದರು. ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಕಡೆ ಮುಕ್ಕೋನದ ಚಪ್ಪಟೆ ಮೂಳೆಗಳಿವೆ. ಹೆಗಲ ಹಲಗೆ ಎನ್ನೋಣ. ಸ್ನಾಯುಗಳ ಹಿಡಿತದಲ್ಲಿ ಅವು ಪಕ್ಕೆಲುಬುಗಳ ಮೇಲೆ ಜಾರಾಡುತ್ತವೆ. ಕೈ ಪೂರ್ತಿ ಮೇಲೇರುವ ಸುಮಾರು 180 ಡಿಗ್ರಿಯಲ್ಲಿ 120 ಕೀಲಿನದಾದರೆ 60 ಈ ಹಲಗೆಯದು. ಹಲಗೆ ಬಿಗಿದು ಸರಿಯಾಗಿ ತಿರುಗದಿದ್ದರೆ ಕೀಲಿನ ಮೇಲಿನ ಸ್ನಾಯುರಜ್ಜು ಒತ್ತಿ ಉಜ್ಜಿ ನೋಯಬಹುದು.

ಮನೆಯ ಗೋಡೆಯೇ ಸಾಕು. ತೋಳಳತೆ ದೂರ ನಿಂತು, ಎದೆಮಟ್ಟದಲ್ಲಿ ಅಂಗೈಗಳನ್ನು ಊರಿ. ಮೊಣಕೈ ಮಡಿಸದೆ ಎದೆಯನ್ನು ಗೋಡೆಯತ್ತ ಇಳಿಯಬಿಡಿ; ಹಲಗೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಬಳಿಕ ಗೋಡೆಯನ್ನು ತಳ್ಳಿ. ಅವು ದೂರ ಸರಿಯುತ್ತವೆ. ನಿಧಾನವಾಗಿ 10 ಸಲ. ಮೊಣಕೈ ಮಡಿಸಿದಿರೋ, ವ್ಯಾಯಾಮ ತೋಳಿಗಾಯಿತು, ಹಲಗೆಗಲ್ಲ. ನಾನೂ ಮೊದಮೊದಲು ತಪ್ಪಿದ್ದು ಇಲ್ಲೇ. ಅನಂತರ ಅಂಗೈಗಳನ್ನು ಗೋಡೆಯ ಮೇಲೇ ಮೇಲಕ್ಕೆ ಜಾರಿಸಿ ಇಳಿಸಿ, 10 ಸಲ. ಕೊನೆಗೆ ಹೆಗಲುಗಳನ್ನು ಕಿವಿಯತ್ತ ಎತ್ತಿ ಹಿಂದಕ್ಕೆ ಸುತ್ತಿಸಿ. ಗರಡಿಯಲ್ಲಿ ಗದೆ ತಿರುಗಿಸಿದ ಹಿರಿಯರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ.

ಇಷ್ಟರಿಂದ ನೋವು ಬರುವುದೇ ಇಲ್ಲವೆನ್ನಲಾರೆ. ನೋವಿದ್ದಾಗ ಬಲವಂತ ಬೇಡ. ಕೈ ಜೋಮು ಹಿಡಿದರೆ, ರಾತ್ರಿ ನಿದ್ದೆ ಕೆಟ್ಟರೆ ವೈದ್ಯರಿಗೆ ತೋರಿಸಿ. ಹೆಗಲ ನೋವಿನ ಜೊತೆ ಎದೆ ಹಿಡಿದು ಬೆವರಿದರೆ ಅದು ಹೆಗಲ ಮಾತಲ್ಲ. ದೋಟಿಯನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಡಿ.